ಭಾನುವಾರ ಸಂಜೆ 5ಕ್ಕೆ: ಸಣ್ಣ ಕಂಪನಿಗೆ ದೊಡ್ಡ ಕ್ಯಾಮೆರಾ ಬೇಕೇ?

ಎಲ್ಲರಿಗೂ ನಮಸ್ಕಾರ. ಪೆಂಟಾಕ್ಸ್‌, 2020ರವರೆಗೆ ಕ್ಯಾಮೆರಾ ಮಾಡುತ್ತಿದ್ದ ಒಲಿಂಪಸ್‌ನಂಥ ಸಣ್ಣ ಕ್ಯಾಮೆರಾ ಬ್ರ್ಯಾಂಡ್‌ಗಳು ವೃತ್ತಿಪರ ಮಟ್ಟದ ಕ್ಯಾಮೆರಾ ಮಾಡಬೇಕೇ ಎಂಬ ಚರ್ಚೆ ಈ ಭಾನುವಾರ ಸಂಜೆ 5ಕ್ಕೆ, ವಿಡಿಯೊ ಕರೆಯಲ್ಲಿ. ಇವನ್ನು ಬಳಸುವವರು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಪ್ಪದೆ ಬನ್ನಿ.

ನನ್ನ ಮಟ್ಟಿಗೆ ಮಾಡಲೇಬೇಕು, ಆದರೆ ಲೆನ್ಸ್ ಜೊತೆಗಿರಬೇಕು. 2003ರ ಒಲಿಂಪಸ್ ಇ-1 ಬರೀ 5 ಮೆಗಾಪಿಕ್ಸೆಲ್. ಆದರೂ ಮಳೆ, ದೂಳು ತಡೆಯುವ ಬಾಡಿಯ (ಲೆನ್ಸ್ ಬಿಟ್ಟ ಕ್ಯಾಮೆರಾ) ಜೊತೆಗೆ ಅದಕ್ಕೆ ತಕ್ಕ 14-54, 50-200 ಎಂಎಂ ಲೆನ್ಸ್‌ಗಳೂ ಬಂದವು. 2010ರ ಇ-5ಕ್ಕೆ ಆ ಸಾಲು ನಿಂತಿತು. ಲೆನ್ಸ್ ಇಟ್ಟುಕೊಂಡವರು ಅಡಾಪ್ಟರ್ (ಬೇರೆ ಮೌಂಟ್‌ನ ಲೆನ್ಸ್ ಕೂರಿಸುವ ಉಂಗುರ) ಹಾಕಿ ಒಲಿಂಪಸ್‌ನದೇ 2013ರ ಮಿರರ್‌ಲೆಸ್ ಕ್ಯಾಮೆರಾ ಇ-ಎಂ1ಗೆ ಹೋಗಬೇಕಾಯಿತು.

ಪೆಂಟಾಕ್ಸ್ ಕೆ-1 (2016, 36 ಮೆಗಾಪಿಕ್ಸೆಲ್) ಇರುವವರು ಒಂದು ಪರೀಕ್ಷೆ ಮಾಡಿ ತನ್ನಿ. ಹಳೆಯ ಡಿಎ ಲೆನ್ಸ್ (ಚಿಕ್ಕ ಸೆನ್ಸರ್‌ಗೆಂದು ಮಾಡಿದ್ದು) ಹಾಕಿ, ಕ್ರಾಪ್ ಆಟೊದಲ್ಲಿ (ಕ್ಯಾಮೆರಾವೇ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುವ ಸೆಟ್ಟಿಂಗ್) ಒಂದು, ಫುಲ್ ಫ್ರೇಮ್‌ನಲ್ಲಿ (ಪೂರ್ತಿ ಸೆನ್ಸರ್ ಬಳಸಿ) ಒಂದು ಚಿತ್ರ ತೆಗೆಯಿರಿ. ಮೊದಲನೆಯದು ಸುಮಾರು 15 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ. ಎರಡನೆಯದರಲ್ಲಿ ಹಲವು ಲೆನ್ಸ್‌ಗಳಿಗೆ ಮೂಲೆಗಳು ಕಪ್ಪಾಗುತ್ತವೆ, ಯಾಕೆಂದರೆ ಆ ಲೆನ್ಸ್ ಬೀರುವ ಬಿಂಬದ ವೃತ್ತವೇ ಚಿಕ್ಕದು. ಹೊಸ ಬಾಡಿಯ ಜೊತೆ ಹೊಸ ಲೆನ್ಸ್ ಖರ್ಚು ಬರುವುದು ಇಲ್ಲಿಯೇ. ಟ್ರೈಪಾಡ್ ಇದ್ದರೆ ಪಿಕ್ಸೆಲ್ ಶಿಫ್ಟ್‌ನಲ್ಲೂ (ಸೆನ್ಸರ್ ತುಸು ತುಸು ಸರಿಸಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿಸುವ ವಿಧಾನ) ಒಂದು ತೆಗೆಯಿರಿ. ಎಲೆ ಅಲುಗಿದರೆ ಅಂಚುಗಳಲ್ಲಿ ಗೀರು ಕಾಣುತ್ತದೆ, ಗಾಳಿಯಿಲ್ಲದ ಹೊತ್ತು ನೋಡಿಕೊಳ್ಳಿ.

ಚಿತ್ರಗಳನ್ನು ಡಾಕ್ಯುಮೆಂಟ್ ಆಗಿಯೇ ಹಾಕಿ. ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ವ್ಯತ್ಯಾಸವೇ ಕಾಣದು. ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರಿನ ಜೊತೆ ಬಾಡಿ, ಲೆನ್ಸ್ ಯಾವುದೆಂದು ಇಲ್ಲೇ ತಿಳಿಸಿ.