ದೋಸ್ತ, ಪಿಂಕಿ ಕೆಮ್ಮು ಧೂಳಿಂದಲ್ಲ ಅನಸ್ತೈತಿ

ಧಾರವಾಡ

ಪ್ರೀತಿಯ ಬಸ್ಯಾ,

ಮೊನ್ನಿ ಫೋನಿನ್ಯಾಗ ‘ಗದಗಿನ ಧೂಳಿಗೆ ಪಿಂಕಿ ಕೆಮ್ಮಾಕತ್ತೈತಿ, ಸಿರಪ್ ಹಾಕೇವಿ’ ಅಂದಿ. ಧೂಳೂ ಇದ್ದೀತು. ಆದ್ರ ಪಿಂಕಿಯಂಥ ವಯಸ್ಸಾದ ಪೊಮೇರಿಯನ್ ನಾಯಿ ರಾತ್ರಿ ಮಲಗಿದಾಗ ಕೆಮ್ಮಾಕ ಸುರು ಮಾಡಿದ್ರ ನನಗ ಮೊದಲು ಹಾರ್ಟ್ ಮ್ಯಾಲೆ ಅನುಮಾನ. ಫೋನಿನ್ಯಾಗ ನೀ ಮಾತು ಮುಗಸಾಕ ಬಿಡಂಗಿಲ್ಲ, ಅದಕ್ಕ ಬರದೀನಿ.

ಸಣ್ಣ ಜಾತಿ ನಾಯಿಗೆ ವಯಸ್ಸಾದಂಗ ಹೃದಯದ ಎಡಗಡೆ ಮೈಟ್ರಲ್ ಕವಾಟ ದಪ್ಪಾಗಿ ಸರಿಯಾಗಿ ಮುಚ್ಚಂಗಿಲ್ಲ. ವಾಶರ್ ಸವದ ಬೋರಿಂಗಿನಂಗ, ಬಡಿತ ಬಡಿತಕ್ಕೂ ಒಂದೀಟು ರಕ್ತ ಹಿಂದಕ್ಕ ಸೋರ್ತೈತಿ. ಹೃದಯ ಹಿಗ್ಗಿ ಶ್ವಾಸನಾಳ ಒತ್ತತೈತಿ, ಕೆಮ್ಮು ಬರ್ತೈತಿ. ಇನ್ನೂ ಮುಂದ ಹೋದ್ರ ಪುಪ್ಪುಸದಾಗ ನೀರು. ನಮ್ಮಂಗ ರಕ್ತನಾಳದಾಗ ಕೊಬ್ಬು ಕಟ್ಟಿ ಹಾರ್ಟ್ ಅಟ್ಯಾಕ್ ಆಗೂದು ನಾಯಿಗೆ ಭಾಳ ಅಪರೂಪ. ಡಾಬರ್‌ಮನ್, ಗ್ರೇಟ್ ಡೇನ್‌ದಂಥ ದೊಡ್ಡ ನಾಯಿಗೆ ಬರೂದು ಬ್ಯಾರೆ ರೋಗ, ಅವಕ್ಕ ಹೃದಯದ ಸ್ನಾಯುನೇ ಸೋಲ್ತೈತಿ.

ಇವತ್ತ ರಾತ್ರಿ ಒಂದು ಕೆಲಸ ಮಾಡು. ಪಿಂಕಿ ಗಾಢ ನಿದ್ದಿಯಾಗಿದ್ದಾಗ ಎದಿ ಏರಿ ಇಳಿಯೂದನ್ನ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡು. ನಿಮಿಷಕ್ಕ 30ರ ಒಳಗಿದ್ರ ಅವಸರ ಇಲ್ಲ, ಆದ್ರೂ ಒಮ್ಮೆ ತೋರಿಸು. ದಿನಾ 30 ದಾಟಾಕತ್ತಿದ್ರ ಡಾಕ್ಟರ ಕಡೆ ಹೋಗು, ನಾಳೆ ನಾಡಿದ್ದು ಅನಬ್ಯಾಡ. ಕೆಮ್ಮೂದನ್ನ ಮೊಬೈಲಿನ್ಯಾಗ ವಿಡಿಯೋ ಮಾಡಿಟ್ಟುಕೋ. ಡಾಕ್ಟರ ಮುಂದ ನಿಂತಾಗ ಅದು ಒಮ್ಮೆನೂ ಕೆಮ್ಮಂಗಿಲ್ಲ, ಖರೆ ಹೇಳ್ತೀನಿ. ಎಕ್ಸ್-ರೇ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ರ ಹೃದಯ ಎಷ್ಟು ಹಿಗ್ಗೇತಿ ಗೊತ್ತಾಗ್ತೈತಿ. ಹಿಗ್ಗಿದ್ರೂ ಇನ್ನೂ ಉಸಿರಿನ ತ್ರಾಸ ಸುರು ಆಗದ ನಾಯಿಗೆ ಪಿಮೋಬೆಂಡಾನ್ ಗುಳಿಗಿ ಕೊಟ್ರ ಹಾರ್ಟ್ ಫೇಲ್ಯೂರ್ ಸುಮಾರು 15 ತಿಂಗಳು ಮುಂದಕ್ಕ ಹೋಗ್ತೈತಂತ 2016ರಾಗ ಬಂದ ದೊಡ್ಡ ಅಧ್ಯಯನ ತೋರಿಸೇತಿ. ನಾಯಿ ಆಯುಷ್ಯದಾಗ ಅದೇನ್ ಕಡಿಮಿ ಅಲ್ಲ.

ಬೆಕ್ಕಿಗೂ ಬಿಪಿ ಬರ್ತೈತಿ ಅಂದದ್ದಕ್ಕ ನಕ್ಕಿದ್ದಿ ನೀ. ನಮ್ಮ ಕರಿ ಬೆಕ್ಕು ಬಾಗಲಕ್ಕ ಡಿಕ್ಕಿ ಹೊಡ್ಯಾಕತ್ತಿದಾಗ ನಮ್ಮ ಮನ್ಯಾಗೂ ‘ಮುದುಕಿ ಆತು’ ಅಂದ್ರು. ಕಣ್ಣಿನ ಪಾಪಿ ಬೆಳಕಿನ್ಯಾಗೂ ಅಗಲ ತೆರದಿತ್ತು. ಬಿಪಿ ಏರಿ ಕಣ್ಣಿನ ಒಳಗಿನ ಪರದೆ, ರೆಟಿನಾ, ಕಿತ್ತಿತ್ತು. ಬೇರು ನೋಡಿದ್ರ ಕಿಡ್ನಿಯಾಗ. ಮುದಿ ಬೆಕ್ಕಿನ ಬಿಪಿ ಹಿಂದ ಹೆಚ್ಚಾಗಿ ಕಿಡ್ನಿ ಇಲ್ಲಾ ಥೈರಾಯ್ಡ್ ಇರ್ತೈತಿ. ಬಾಲಕ್ಕೋ ಮುಂಗಾಲಿಗೋ ಸಣ್ಣ ಪಟ್ಟಿ ಸುತ್ತಿ ನೋಡ್ತಾರ, ಮೊದಲನೇ ರೀಡಿಂಗ್ ಬಿಟ್ಟು ಉಳಿದದ್ದರ ಸರಾಸರಿ ತಗೋತಾರ, ಯಾಕಂದ್ರ ಚೀಲದಾಗಿಂದ ಹೊರಗ ಬಂದ ಬೆಕ್ಕಿಗೆ ಅಂಜಿಕಿಗೇ ಬಿಪಿ ಏರಿರ್ತೈತಿ. ಸಮಾಧಾನ ಆದ ಮ್ಯಾಲೂ ಬಿಪಿಯ ದೊಡ್ಡ ಅಂಕಿ 160 ದಾಟಿದ್ರ ಔಷಧದ ವಿಚಾರ, 180 ದಾಟಿದ್ರ ಕಣ್ಣು, ಮಿದುಳು ಅಪಾಯದಾಗ. ಕೊಟ್ಟದ್ದು ಆಮ್ಲೋಡಿಪಿನ್, ನಮ್ಮ ಅವ್ವನ ಗುಳಿಗಿನೇ! ಹಂಗಂತ ನೀ ಮನ್ಯಾಗಿನ ಡಬ್ಬಿ ತಗೀಬ್ಯಾಡ, ಬೆಕ್ಕಿಗೆ ಬೇಕಾದದ್ದು ಒಂದು ಚೂರು ಅಷ್ಟ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಬೆಕ್ಕಿನ ಹಾರ್ಟ್ ಇನ್ನೂ ಕಳ್ಳ. ನಾಯಿಯಂಗ ಕೆಮ್ಮಿ ಹೇಳೂದು ಕಡಿಮಿ. ಬಾಯಿ ತಗದು ಉಸಿರಾಡಾಕತ್ತಿದ್ರ ತಡ ಮಾಡೂಹಂಗಿಲ್ಲ. ಒಮ್ಮೆಲೆ ಚೀರಿ ಹಿಂಗಾಲು ಎಳಕೊಂತ ಬಂದು, ಕಾಲು ತಣ್ಣಗಿದ್ರ, ಮಂದಿ ಗಾಡಿ ಹಾದೈತಿ ಅಂತಾರ. ಹೃದಯದಾಗ ಕಟ್ಟಿದ ರಕ್ತದ ಗಡ್ಡಿ ಹೋಗಿ ಹಿಂಗಾಲಿನ ರಕ್ತನಾಳ ಮುಚ್ಚಿದ್ರೂ ಹಂಗ ಆಗ್ತೈತಿ.

ಇನ್ನೊಂದು, ನಿಮ್ಮ ಅಕ್ಕ ಫ್ಲ್ಯಾಟಿನ್ಯಾಗಿನ ಬೆಕ್ಕಿಗೆ ಬರೀ ಹಾಲು ಅನ್ನ ಹಾಕ್ತಾರಲ್ಲ, ಅವರಿಗೂ ಹೇಳು. ಟಾರಿನ್ ಅನ್ನೂ ಪೋಷಕಾಂಶ ಸಾಲದಿದ್ರ ಬೆಕ್ಕಿನ ಹೃದಯ ಸೋಲ್ತೈತಂತ 1987ರಾಗ ಗೊತ್ತಾಗೇತಿ, ಅದು ಸಿಗೂದು ಮಾಂಸ ಮೀನಿನ್ಯಾಗ. ಹಳ್ಳಿ ಬೆಕ್ಕು ಇಲಿ ಹಿಡದು ಸರಿ ಮಾಡಿಕೋತೈತಿ, ಮೂರನೇ ಮಾಳಿಗ್ಯಾಗ ಇಲಿ ಎಲ್ಲಿ? ಮಡಿ ಮುರೀತೈತಿ ಅಂದ್ರ ರೆಡಿ ಬೆಕ್ಕಿನ ತಿಂಡಿ ಹಾಕಲಿ.

ನಿಮ್ಮೂರಾಗೇ ಪಶುವೈದ್ಯಕೀಯ ಕಾಲೇಜ್ ಐತಿ, ಪಿಂಕಿನ ಅಲ್ಲಿಗೆ ಕರಕೊಂಡ ಹೋಗು. ಗಿರ್ಮಿಟ್, ಹಪ್ಪಳ ಹಾಕೂದು ಇವತ್ತಿಂದಲೇ ಬಂದ್. ಉಳ್ಳಾಗಡ್ಡಿ ನಾಯಿಗೆ ಮೊದಲೇ ಆಗಂಗಿಲ್ಲ, ಮ್ಯಾಲೆ ಉಪ್ಪು. ಮತ್ತ ಆ ಸಿರಪ್ಪಿನ ಬಾಟ್ಲಿ ಫೋಟೋ ಕಳಸು, ಅದರಾಗ ಏನೇನ್ ಐತಿ ನೋಡೂಣು.

ನಿನ್ನ,
ಈರ್ಯಾ