ಕುಂದಾ ರೇಟು, ಹುಲಿ ಚಿತ್ರ ಮತ್ತು ಒಂದು ರೂಪಾಯಿ

ನಮ್ಮ ಕಾಯಂ ಗಿರಾಕಿಗಳಿಗೆ ನಮಸ್ಕಾರ.

ಈ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಹಾಲಿನ ಸಂಘದ ಅಂಗಡಿಯಲ್ಲಿ ಕುಂದಾ ಕಿಲೋಗೆ 440 ರೂಪಾಯಿ ಇದ್ದದ್ದು 480 ಆಗಿದೆ. ಅರ್ಧ ಕಿಲೋ ಡಬ್ಬಿಗೆ 240. ನಿಮಗೆ ಮೊದಲೇ ಒಂದು ಮಾತು ಹೇಳದೆ ಬೋರ್ಡ್ ಬದಲಿಸಿದೆವು. ಅದು ತಪ್ಪು, ಕ್ಷಮಿಸಿ.

ಆದರೆ ಕೌಂಟರ್ ಮುಂದೆ ಕೇಳಿಬಂದ ಎಲ್ಲ ಮಾತಿಗೂ ಕ್ಷಮೆ ಕೇಳಲು ಆಗುವುದಿಲ್ಲ. "ಏನ್ರೀ, ಹುಲಿಗೆ ಮಟನ್ ಹಾಕಾಕ ನಮ್ಮ ರೊಕ್ಕ ಬೇಕೇನು?" ಅಂದರು ಒಬ್ಬರು, ಹೊಸ ಡಬ್ಬಿ ಮೇಲಿನ ಹುಲಿ ಚಿತ್ರ ನೋಡಿ. ಅದೇ ಮಾತು ಬೇರೆ ಬೇರೆ ಬಾಯಲ್ಲಿ ಹದಿನೈದು ದಿನದಿಂದ ಕೇಳುತ್ತಿದ್ದೇವೆ. ನಮ್ಮ ಕೌಂಟರಿನ ಹುಡುಗ ಈಗ ಗಿರಾಕಿ ಬಾಯಿ ತೆರೆಯುವ ಮೊದಲೇ "ಹುಲಿ ಅಲ್ರೀ, ನವಿಲು" ಅನ್ನುತ್ತಾನೆ.

ಹುಲಿ ಚಿತ್ರದ ಕಥೆ ಇಷ್ಟೇ. ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಒಂದು ಜೋಡಿ ನವಿಲನ್ನು ನಮ್ಮ ಸಂಘ ಒಂದು ವರ್ಷಕ್ಕೆ ದತ್ತು ಪಡೆದಿದೆ. ದತ್ತು ಅಂದರೆ ಮನೆಗೆ ತರುವುದಲ್ಲ. ಅವು ಅಲ್ಲೇ ಇರುತ್ತವೆ, ಅವುಗಳ ಖರ್ಚಿಗೆ ನಾವು ಹಣ ಕಟ್ಟುತ್ತೇವೆ. ಇದನ್ನು ಡಬ್ಬಿ ಮೇಲೆ ಹಾಕಿಸೋಣ ಅಂತ ಪ್ರೆಸ್ಸಿಗೆ ಹೋದೆವು. ಅವರ ಹತ್ತಿರ ನವಿಲಿನ ಒಳ್ಳೆ ಚಿತ್ರ ಇರಲಿಲ್ಲ, ಹುಲಿ ರೆಡಿ ಇತ್ತು. "ಝೂ ಅಂದ ಮೇಲೆ ಹುಲಿನೇ ಚಂದ" ಅಂದರು. ನಾವೂ ಹೂಂ ಅಂದೆವು. ಹುಲಿ ಡಬ್ಬಿ ಮತ್ತು ಹೊಸ ರೇಟು ಒಂದೇ ದಿನ ಅಂಗಡಿಗೆ ಬಂದವು. ನೀವು ಎರಡನ್ನೂ ಕೂಡಿಸಿದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಈಗ ಲೆಕ್ಕಕ್ಕೆ ಬರೋಣ. ಹಿಂಡಿ ರೇಟು ಏರಿದ್ದರಿಂದ ಸದಸ್ಯರಿಗೆ ಎಮ್ಮೆ ಹಾಲಿಗೆ ಲೀಟರಿಗೆ 5 ರೂಪಾಯಿ ಜಾಸ್ತಿ ಕೊಡುತ್ತಿದ್ದೇವೆ. ಒಂದು ಕಿಲೋ ಕುಂದಾಕ್ಕೆ ನಮ್ಮ ಕಡಾಯಿಯಲ್ಲಿ ಸುಮಾರು 4 ಲೀಟರ್ ಹಾಲು ಬೇಕು. ಅಲ್ಲೇ 20 ಆಯಿತು. ಗ್ಯಾಸಿಗೆ 9. ಹಾಲು ಹಿಂಗಿ ಖವಾ ಆಗಿ, ಸಕ್ಕರೆ ಬಿದ್ದು, ಕಂದು ಬಣ್ಣ ತಿರುಗುವ ತನಕ ಒಲೆ ಆರಿಸುವಂತಿಲ್ಲ, ಕೈ ಬಿಡುವಂತಿಲ್ಲ. ಐದು ನಿಮಿಷ ಮರೆತು ತಳ ಹಿಡಿಯಿತೋ, ಇಡೀ ಕಡಾಯಿ ದನಕ್ಕೆ. ಕಡಾಯಿ ಮುಂದೆ ನಿಲ್ಲುವ ಹೆಣ್ಣುಮಕ್ಕಳ ಕೂಲಿ ಎರಡು ವರ್ಷದಿಂದ ಏರಿಸಿರಲಿಲ್ಲ, ಅದಕ್ಕೆ 6. ಡಬ್ಬಿಗೆ 4. ಒಟ್ಟು 39. ಉಳಿದ ಒಂದೇ ಒಂದು ರೂಪಾಯಿ ಝೂಗೆ. ನವಿಲಿನ ಖರ್ಚು ಕಳೆದು ಮಿಕ್ಕಿದ್ದರಲ್ಲಿ ಸದಸ್ಯರ ಊರಿನ ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಮೂವತ್ತೊಂಬತ್ತರ ಬಗ್ಗೆ ಒಬ್ಬರೂ ಕೇಳಲಿಲ್ಲ. ಒಂದರ ಬಗ್ಗೆ ಇಡೀ ಶಹಾಪುರ ಮಾತಾಡಿತು!

ಒಂದು ಪ್ರಶ್ನೆ ಮಾತ್ರ ನಿಜಕ್ಕೂ ತಲೆಯಲ್ಲಿ ಉಳಿಯಿತು. ನಮ್ಮ ಹಳೇ ಗಿರಾಕಿ, ನಿವೃತ್ತ ಮಾಸ್ತರರು ಕೇಳಿದರು: "ಪ್ರಾಣಿ ಉಳಿಸೋದಾದ್ರ ಕಾಡು ಉಳಿಸ್ರಿ. ಪಂಜರದಾಗ ಇಟ್ಟು ಉಣ್ಣಾಕ ಹಾಕಿದ್ರ ಅದು ಉಳಿಸಿದಂಗ ಏನು?" ಇದನ್ನೇ ಇನ್ನೂ ಹತ್ತು ಜನ ಕೇಳಿದ್ದಾರೆ. ಸರ್, ಅವತ್ತು ಗಿರಾಕಿ ಬಹಳ ಇದ್ದರು, ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ದನ ಎಮ್ಮೆ ಕಟ್ಟಿದವರಿಗೆ ರಣಹದ್ದಿನ ಕಥೆ ಹೇಳಿದರೆ ಬೇಗ ತಿಳಿಯುತ್ತದೆ. ನಮ್ಮ ಹಿರಿಯ ಸದಸ್ಯರೊಬ್ಬರು ಖಾನಾಪುರ ಕಡೆಯವರು. ಅವರು ಹುಡುಗರಿದ್ದಾಗ ಸತ್ತ ಎತ್ತನ್ನು ಊರ ಹೊರಗೆ ಎಳೆದು ಹಾಕಿದರೆ ಹೊತ್ತು ಮುಳುಗುವುದರೊಳಗೆ ಎಲುಬಷ್ಟೇ ಉಳಿಯುತ್ತಿತ್ತಂತೆ. ಈಗ ಅಲ್ಲಿ ಬರುವುದು ನಾಯಿಗಳು. ಹದ್ದುಗಳು ಎಲ್ಲಿ ಹೋದವು? ದನಕ್ಕೆ ಬಾವು ಬಂದರೆ, ಕುಂಟಿದರೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಅವನ್ನು ಕೊಂದಿತು. ಆ ಔಷಧ ಮೈಯಲ್ಲಿರುವಾಗ ದನ ಸತ್ತು, ಅದನ್ನು ಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಡುತ್ತದೆ. 1990ರ ದಶಕದಲ್ಲಿ ಶುರುವಾದ ಈ ಸಾವಿನಲ್ಲಿ ನಮ್ಮ ದೇಶದ ಬಿಳಿ ಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೋಯಿತು. ಕೊಂದವರು ಬೇಟೆಗಾರರಲ್ಲ. ನಮ್ಮಂಥ ಹಾಲಿನವರು, ಗೊತ್ತಿಲ್ಲದೆ. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಲ್ಲಿಸಿತು.

ಸರ್, ಆ ಹೊತ್ತಿಗೆ ಕಾಡು ಇತ್ತು. ಬೆಟ್ಟ ಇತ್ತು, ಮರ ಇತ್ತು. ಹದ್ದೇ ಕಾಣದಂತಾಗಿತ್ತು. ಹರಿಯಾಣದ ಪಿಂಜೋರ್‌ನಲ್ಲಿ, ಅರಣ್ಯ ಇಲಾಖೆ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು, ಆಮೇಲೆ ಭೋಪಾಲ್, ಹೈದರಾಬಾದ್, ಜುನಾಗಢದಂಥ ಕಡೆ ಮೃಗಾಲಯದವರು ಉಳಿದ ಹದ್ದುಗಳನ್ನು ಇಟ್ಟು ಮರಿ ಮಾಡಿಸಲು ಶುರು ಮಾಡಿದರು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆ ಮೊಟ್ಟೆ ತೆಗೆದು ಯಂತ್ರದಲ್ಲಿ ಕಾವು ಕೊಟ್ಟರೆ ತಾಯಿ ಇನ್ನೊಂದು ಇಡುತ್ತದೆ. ಹೀಗೆ ಒಂದೊಂದೇ ಮೊಟ್ಟೆ ಕಾಯುವ ಕೆಲಸ ಕಾಡಿನಲ್ಲಿ ಯಾರು ಮಾಡುತ್ತಾರೆ?

ಅಮೆರಿಕದಲ್ಲೂ ಇದೇ ಆಯಿತು. ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ದೊಡ್ಡ ಹದ್ದು 1987ರಲ್ಲಿ ಇಡೀ ಜಗತ್ತಿನಲ್ಲಿ 27 ಉಳಿದಿತ್ತು. ಎಲ್ಲವನ್ನೂ ಹಿಡಿದು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ ಝೂಗಳಲ್ಲಿ ಇಟ್ಟರು. ಪಂಜರ ಬೇಡ ಅಂತ ಮಾಸ್ತರರ ಹಾಗೆ ಜಗಳ ತೆಗೆದವರು ಆಗಲೂ ಇದ್ದರು. ಈಗ 500ಕ್ಕಿಂತ ಜಾಸ್ತಿ ಇವೆ, ಅರ್ಧಕ್ಕಿಂತ ಹೆಚ್ಚು ಆಕಾಶದಲ್ಲಿ.

ಹಾಗಂತ ಝೂ ಒಂದಿದ್ದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಅರೇಬಿಯಾದ ಓರಿಕ್ಸ್ ಅನ್ನುವ ಬಿಳಿ ಜಿಂಕೆಯಂಥ ಪ್ರಾಣಿ 1972ಕ್ಕೆ ಕಾಡಿನಲ್ಲಿ ಮುಗಿದೇ ಹೋಗಿತ್ತು. ಝೂಗಳಲ್ಲಿ ಬೆಳೆಸಿದ ಹಿಂಡನ್ನು 1982ರಲ್ಲಿ ಒಮಾನ್ ಮರಳುಗಾಡಿಗೆ ಬಿಟ್ಟರು. ಅವು ಚೆನ್ನಾಗಿ ಬೆಳೆದ ಮೇಲೆ ಕಳ್ಳಬೇಟೆಯವರು ಮತ್ತೆ ಬಂದರು. ಅಲ್ಲಿ ಮಾಸ್ತರರು ಹೇಳಿದ್ದೇ ಸರಿ. ನಮ್ಮ ಭೀಮಗಡ ಕಾಡಿನಲ್ಲೂ ಬಾರಾಪೇಡೆ ಗುಹೆಯಲ್ಲಿ ಒಂದು ಜಾತಿಯ ಬಾವಲಿ ಇದೆ. ಜಗತ್ತಿನಲ್ಲಿ ಅದೊಂದೇ ಗುಹೆಯಲ್ಲಿ ಇದೆ ಅಂತ ಬಹಳ ವರ್ಷ ತಿಳಿದಿದ್ದರು. ಅದನ್ನು ಯಾವ ಪಂಜರದಲ್ಲಿ ಇಡುತ್ತೀರಿ? ಗುಹೆಯನ್ನೇ ಕಾಯಬೇಕು.

ನಮ್ಮ ರೂಪಾಯಿಯಿಂದ ರಣಹದ್ದು ಉಳಿಯುತ್ತದೆ ಅಂತ ಸುಳ್ಳು ಹೇಳಲಾರೆ. ಅದು ನವಿಲಿನ ಕಾಳಿಗೆ ಹೋಗುತ್ತದೆ. ನವಿಲಿಗೇನು, ನಮ್ಮ ಹೊಲದಲ್ಲೇ ಬೇಕಾದಷ್ಟಿವೆ, ಕೆಲವರಿಗೆ ಕಾಟ ಕೂಡ. ನಮ್ಮ ಕೈಗೆಟುಕಿದ್ದು ಅದು, ಅಷ್ಟೇ. ಚೆಕ್ ಕೊಡಲು ಹೋದ ದಿನ ನಾವು ಏಳು ಜನ ಸಾಲಾಗಿ ಫೋಟೋಗೆ ನಿಂತರೆ ಗಂಡು ನವಿಲು ನಮಗೆ ಬೆನ್ನು ತಿರುಗಿಸಿ ಮಣ್ಣು ಕೆದರುತ್ತ ನಿಂತಿತು. ಆದರೆ ಹಿಂದೆ ಬಂದ ಮಕ್ಕಳು ಸಿಂಹದ ಮುಂದೆ ಅರ್ಧ ಗಂಟೆ ಅಲುಗಾಡಲಿಲ್ಲ. ಮನೆಯಲ್ಲಿ ಐದು ನಿಮಿಷ ಕೂರದ ಹುಡುಗರು ಅವು.

ರಣಹದ್ದಿಗಾಗಿ ನಾವು ಮಾಡಬಹುದಾದ್ದು ದನದ ಕೊಟ್ಟಿಗೆಯಲ್ಲೇ ಇದೆ, ಅದನ್ನು ಮಾಡಿದ್ದೇವೆ. ನಮ್ಮ ಯಾವ ಸದಸ್ಯರೂ ಡಾಕ್ಟರನ್ನು ಕೇಳದೆ ದನಕ್ಕೆ ನೋವಿನ ಔಷಧ ಕೊಡುವಂತಿಲ್ಲ. ಕೊಡಬೇಕಾದರೆ ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಮ್. ಇದಕ್ಕೆ ಮಾತ್ರ ಸ್ವಲ್ಪ ಹೆಮ್ಮೆ ಇದೆ. ಯಾರೂ ನಮಗೆ ಹೇಳಿ ಮಾಡಿಸಿದ್ದಲ್ಲ.

ಇನ್ನು ನಿಮ್ಮ ವಿಷಯ. ಮದುವೆ, ಸೀಮಂತಕ್ಕೆ ಅಂತ ಮೊದಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ, 440. ಚೀಟಿ ಕಳೆದಿದ್ದರೂ ನಮ್ಮ ವಹಿಯಲ್ಲಿ ಹೆಸರಿದೆ, ಗಾಬರಿ ಬೇಡ. ಒಂದು ರೂಪಾಯಿ ಕೊಡಲು ಇಷ್ಟವಿಲ್ಲದವರು ಹೇಳಿ, 479 ತೆಗೆದುಕೊಳ್ಳುತ್ತೇವೆ, ಮುಖ ಗಂಟು ಹಾಕುವುದಿಲ್ಲ. ಹಾಲು ಕಡಿಮೆ ಮಾಡುವುದು, ಮೈದಾ ಸೇರಿಸುವುದು ಇಂಥದ್ದನ್ನು ಮಾತ್ರ ನಮ್ಮಿಂದ ನಿರೀಕ್ಷಿಸಬೇಡಿ. ಅನುಮಾನ ಇದ್ದರೆ ಬೆಳಿಗ್ಗೆ ಆರಕ್ಕೆ ಹಿಂದಿನ ಬಾಗಿಲಿನಿಂದ ಬನ್ನಿ, ಕಡಾಯಿ ನೋಡಿ, ಬಿಸಿ ಕುಂದಾ ತಿಂದು ಹೋಗಿ.

ಮತ್ತೆ, ಹುಲಿ ಚಿತ್ರದ ಡಬ್ಬಿ ಇನ್ನೂ ನಾನ್ನೂರು ಉಳಿದಿವೆ. ಮುಗಿಯುವ ತನಕ ಅದರಲ್ಲೇ ಕೊಡುತ್ತೇವೆ. ಬೈಕೋಬೇಡಿ.

ನಿಮ್ಮ,
ಸಂಘದ ಕಾರ್ಯದರ್ಶಿ
ಶಹಾಪುರ, ಬೆಳಗಾವಿ