ವಿಶೇಷ ಸ್ಕ್ರೂಗಳಿಗೆ ಉಪಕರಣ: ಐಟಿಐ, ಜಿಟಿಟಿಸಿಗಳು ಮುಂದಾಗಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ., ಈಚೆಗೆ ಮೊಬೈಲ್ ಹಾಗೂ ಅಡುಗೆಮನೆಯ ವಿದ್ಯುತ್ ಉಪಕರಣಗಳನ್ನು ರಿಪೇರಿ ಮಾಡುತ್ತ ಬಂದಿರುವ ನಾನು, ನಮ್ಮ ಕಸುಬಿನವರು ಮತ್ತೆ ಮತ್ತೆ ಎದುರಿಸುವ ಆದರೆ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ತೊಡಕನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಬಯಸುತ್ತೇನೆ. ಯಂತ್ರ ಏಕೆ ಕೆಟ್ಟಿದೆ ಎಂಬುದು ಗೊತ್ತಿರುತ್ತದೆ, ಹಾಕಬೇಕಾದ ಬಿಡಿಭಾಗವೂ ಕೈಯಲ್ಲಿರುತ್ತದೆ, ಆದರೆ ಮುಚ್ಚಳ ತೆಗೆಯಲು ಆ ಸ್ಕ್ರೂವಿಗೆ ಹೊಂದುವ ಬಿಟ್, ಅಂದರೆ ಸ್ಕ್ರೂ ಡ್ರೈವರ್‌ಗೆ ಸಿಕ್ಕಿಸುವ ತುದಿ, ಊರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳು ಎಲೆಕ್ಟ್ರಿಕ್ ಕೆಟಲ್ ತಂದಿದ್ದಳು. ಅದರ ತಳದಲ್ಲಿ ಮೂರು ಸ್ಕ್ರೂಗಳಿದ್ದವು. ಎರಡು ಎಲ್ಲರಿಗೂ ಪರಿಚಿತವಾದ ಪ್ಲಸ್ ತಲೆಯವು. ಆಳವಾದ ಕುಳಿಯೊಳಗಿದ್ದ ಮೂರನೆಯದರ ತಲೆಯಲ್ಲಿ ಮಾತ್ರ ತ್ರಿಕೋನಾಕಾರದ ತಗ್ಗು ಇತ್ತು. ಅವಳು ಮೊದಲು ಹೋಗಿದ್ದ ಅಂಗಡಿಯವರು ಅದನ್ನು ಕಂಡೊಡನೆ ‘ಇದು ಬಿಚ್ಚುವಂಥದ್ದಲ್ಲ, ಹೊಸದು ತಗೋಮ್ಮ’ ಎಂದಿದ್ದರಂತೆ. ನಾನು ಮೇಣದಬತ್ತಿಯ ತುಣುಕನ್ನು ಮೆದುವಾಗಿಸಿ ಆ ತಗ್ಗಿಗೆ ಒತ್ತಿ ಅಚ್ಚು ತೆಗೆದು, ವರ್ನಿಯರ್‌ನಿಂದ ಅಳೆದಾಗ ತ್ರಿಕೋನದ ಬಾಹು ಸುಮಾರು 2 ಮಿ.ಮೀ. ಇದೆಯೆಂದು ತಿಳಿಯಿತು. 2.5 ಮಿ.ಮೀ. ಅಲೆನ್ ಕೀಯೊಂದರ ಬಾಗಿದ ತುದಿಯನ್ನು ಕತ್ತರಿಸಿ ನೇರ ಮಾಡಿಕೊಂಡು, ಅದರ ಆರು ಮುಖಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂರನ್ನು ಸಮನಾಗಿ ಸವೆಸಿದರೆ ಷಟ್ಕೋನವು ತ್ರಿಕೋನವಾಗುತ್ತದೆ. ಅಲೆನ್ ಕೀ ಗಟ್ಟಿ ಉಕ್ಕಿನದಾದ್ದರಿಂದ ಸಾಮಾನ್ಯ ಅರ ಅದನ್ನು ಸರಿಯಾಗಿ ಕಚ್ಚುವುದಿಲ್ಲ. ಸಾಣೆಚಕ್ರಕ್ಕೆ ಹಿಡಿಯಬೇಕು, ಹಿಡಿದಾಗ ತುದಿ ನೀಲಿ ಬಣ್ಣಕ್ಕೆ ತಿರುಗದಂತೆ ಕ್ಷಣಕ್ಷಣಕ್ಕೂ ನೀರಿನಲ್ಲಿ ಅದ್ದುತ್ತಿರಬೇಕು. ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು, ಮೊದಲ ತಿರುವಿಗೇ ತುದಿ ಮುರುಟಿಕೊಳ್ಳುತ್ತದೆ. ಇಷ್ಟನ್ನು ಮಾಡಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಕೆಟಲ್‌ನೊಳಗಿನ ದೋಷವೋ ಸ್ವಿಚ್ಚಿನ ಕರಿಕಟ್ಟಿದ ಸಂಪರ್ಕ ಬಿಂದು ಮಾತ್ರ. ಅದನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು.

ಎರಡು ಚುಕ್ಕೆಯಂಥ ರಂಧ್ರಗಳಿರುವ ಸ್ಕ್ರೂವಿಗೆ ಹಳೆಯ ಚಪ್ಪಟೆ ಸ್ಕ್ರೂ ಡ್ರೈವರ್‌ನ ಅಲಗಿನ ನಡುವೆ ಸಣ್ಣ ಅರದಿಂದ ಕಚ್ಚು ಹಾಕಿ, ಉಳಿದ ಎರಡು ಹಲ್ಲುಗಳನ್ನು ರಂಧ್ರಗಳ ಗಾತ್ರಕ್ಕೆ ಸವೆಸಿದರೆ ಕೆಲಸವಾಗುತ್ತದೆ. ಮೆದು ಸ್ಥಿತಿಯಲ್ಲಿರುವ ಟೂಲ್ ಸ್ಟೀಲ್ ಸರಳು ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಬೇಕಾದ ಆಕಾರಕ್ಕೆ ಅರದಿಂದ ಉಜ್ಜಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಆಮೇಲೆ ಹುಲ್ಲಿನ ಹಳದಿ ಬಣ್ಣ ಬರುವವರೆಗೆ ಮತ್ತೆ ಹದವಾಗಿ ಕಾಯಿಸಿದರೆ ವರ್ಷಗಟ್ಟಲೆ ಬಾಳುವ ಬಿಟ್ ಸಿದ್ಧವಾಗುತ್ತದೆ. ಆದರೆ ಎಲ್ಲವನ್ನೂ ಹೀಗೆ ಕೈಯಲ್ಲಿ ಮಾಡಿಕೊಳ್ಳಲಾಗದು. ಐಫೋನಿನ ತಳದಲ್ಲಿರುವ, ಐದು ಎಸಳಿನ ಹೂವಿನಂಥ ಪೆಂಟಾಲೋಬ್ ಸ್ಕ್ರೂವಿನ ಬಿಟ್ಟಿಗೆ 0.8 ಮಿ.ಮೀ. ಎಂದು ಗುರುತಿರುತ್ತದೆ, ಅದನ್ನು ಕೈಯಿಂದ ಅರೆಯುವುದು ಆಗದ ಮಾತು. 2010ರಲ್ಲಿ ಬಂದ ಐಫೋನ್ 4ರಲ್ಲಿ ಮೊದಮೊದಲು ಮಾಮೂಲಿ ಪ್ಲಸ್ ತಲೆಯ ಸ್ಕ್ರೂಗಳೇ ಇದ್ದವು, ಮರುವರ್ಷದ ಆರಂಭದ ಹೊತ್ತಿಗೆ ಅವುಗಳ ಜಾಗಕ್ಕೆ ಪೆಂಟಾಲೋಬ್ ಬಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಫೋನ್ ಅದೇ, ಸ್ಕ್ರೂ ಕೂರುವ ಜಾಗವೂ ಅದೇ; ಬದಲಾದದ್ದು ಅದನ್ನು ಯಾರು ಬಿಚ್ಚಬಹುದು ಎಂಬುದಷ್ಟೆ.

ಕೊಂಡುಕೊಳ್ಳೋಣವೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ನೂರಕ್ಕೂ ಹೆಚ್ಚು ಬಿಟ್‌ಗಳಿರುವ ಅಗ್ಗದ ಪೆಟ್ಟಿಗೆಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ, ಆದರೆ ಬಹಳಷ್ಟರ ಉಕ್ಕು ಮೆದು. ತುದಿ ತಿರುಚಿಕೊಂಡು ಸ್ಕ್ರೂವಿನ ತಲೆಯನ್ನೂ ಹಾಳು ಮಾಡಿದ ಮೇಲೆ ಒಳ್ಳೆಯ ಉಪಕರಣ ಬಂದರೂ ಪ್ರಯೋಜನವಿಲ್ಲ. ಹೆಸರಿನ ಗೊಂದಲ ಬೇರೆ: ನಮ್ಮ ಪೇಟೆಯಲ್ಲಿ ಪ್ಲಸ್ ತಲೆಯ ಫಿಲಿಪ್ಸ್ ಸ್ಕ್ರೂವಿಗೂ ‘ಸ್ಟಾರ್’ ಎನ್ನುತ್ತಾರೆ, ಆರು ಮೂಲೆಯ ಟಾರ್ಕ್ಸ್‌ಗೂ ‘ಸ್ಟಾರ್’ ಎನ್ನುತ್ತಾರೆ. ಹಳೆಯ ಜಪಾನಿ ಟೇಪ್ ರೆಕಾರ್ಡರ್‌ಗಳ ಸ್ಕ್ರೂಗಳಂತೂ ನೋಡಲು ಫಿಲಿಪ್ಸ್‌ನಂತೆಯೇ ಇದ್ದು, ವಾಸ್ತವದಲ್ಲಿ ಜೆಐಎಸ್ ಎಂಬ ಜಪಾನಿನದೇ ಬೇರೆ ಮಾನಕದವು. ಅವಕ್ಕೆ ಫಿಲಿಪ್ಸ್ ಡ್ರೈವರ್ ಪೂರ್ತಿ ಕೂರದೆ ಜಾರಿ ಮೇಲೇಳುತ್ತದೆ. ‘ಸ್ಕ್ರೂ ತುಕ್ಕು ಹಿಡಿದಿದೆ’ ಎಂದು ಬೈದುಕೊಂಡು ಎಷ್ಟೋ ತಲೆಗಳನ್ನು ನಾವೇ ಕೆಡಿಸಿದ್ದೇವೆ. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ವಿಶೇಷ ಸ್ಕ್ರೂಗಳೇ ಇರಬಾರದು ಎಂದು ನಾನು ಹೇಳುತ್ತಿಲ್ಲ. ಮೈಕ್ರೋವೇವ್ ಒಲೆಯ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದಾದ್ದರಿಂದ, ಅದರ ಹೊದಿಕೆಯನ್ನು ಅರಿಯದವರು ತೆರೆಯದಂತೆ ತಡೆಯುವುದು ನ್ಯಾಯವೇ. ಆದರೆ ಅರಿತವರಿಗೂ ದಾರಿ ಇರಬೇಕಲ್ಲವೇ? ನೋಕಿಯಾ ಫೋನ್‌ಗಳ ಕಾಲದಲ್ಲಿ ಟಿ-6 ಟಾರ್ಕ್ಸ್ ಡ್ರೈವರ್ ಒಂದು ಇದ್ದರೆ ಹಳ್ಳಿಯ ಅಂಗಡಿಯಲ್ಲೂ ಫೋನ್ ಬಿಚ್ಚಬಹುದಿತ್ತು. ನೆದರ್ಲೆಂಡ್ಸಿನ ಫೇರ್‌ಫೋನ್ ಕಂಪನಿ 2019ರಲ್ಲಿ ತನ್ನ ಮೂರನೆಯ ಫೋನಿನ ಪೆಟ್ಟಿಗೆಯಲ್ಲೇ ಪುಟ್ಟದೊಂದು ಸ್ಕ್ರೂ ಡ್ರೈವರ್ ಇಟ್ಟು ಮಾರಿತು. ಮನಸ್ಸಿದ್ದರೆ ಅದು ಸಾಧ್ಯ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿತ್ತು. ಒಂದು ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಳೆಯುವ ದುರಸ್ತಿ ಸೂಚ್ಯಂಕದ ಕುರಿತ ಸಮಿತಿಯ ವರದಿಯೂ 2025ರ ಮೇ ತಿಂಗಳಲ್ಲಿ ಇಲಾಖೆಯ ಕೈ ಸೇರಿದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನ್‌ಗಳ ಲೇಬಲ್‌ನಲ್ಲಿ ದುರಸ್ತಿಯ ದರ್ಜೆಯನ್ನೂ ನಮೂದಿಸಬೇಕಾಗಿದ್ದು, ಆ ದರ್ಜೆಯ ಲೆಕ್ಕದಲ್ಲಿ ಸ್ಕ್ರೂ ಮುಂತಾದ ಜೋಡಣೆಗಳ ಬಗೆಗೆ ಶೇ 15, ಅವನ್ನು ಬಿಚ್ಚುವ ಉಪಕರಣಗಳಿಗೆ ಇನ್ನೊಂದು ಶೇ 15 ತೂಕವಿದೆ. ನಮ್ಮ ಸೂಚ್ಯಂಕ ಜಾರಿಗೆ ಬರುವಾಗ ಈ ಎರಡಕ್ಕೂ ಕಡಿಮೆಯಿಲ್ಲದ ತೂಕ ಸಿಗಬೇಕು. ಜೊತೆಗೆ, ಉಪಕರಣದೊಂದಿಗೆ ಬರುವ ಕೈಪಿಡಿಯಲ್ಲಿ ಪ್ರತಿ ಸ್ಕ್ರೂವಿನ ತಲೆಯ ಬಗೆ ಮತ್ತು ಅಳತೆಯನ್ನು ಒಂದು ಸಾಲಿನಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಿದರೆ, ಮೇಣದ ಅಚ್ಚು ತೆಗೆಯುವ ನಮ್ಮ ಪಾಡು ತಪ್ಪುತ್ತದೆ.

ದೆಹಲಿಯ ನಿಯಮಕ್ಕೆ ಕಾಯದೆ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸವೊಂದಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು, ಅಂದರೆ ಜಿಟಿಟಿಸಿ, ಇಂದು ರಾಜ್ಯದ ಹಲವು ಊರುಗಳಲ್ಲಿದೆ. ಅಚ್ಚು ಮತ್ತು ಡೈ ತಯಾರಿಸುವ, ಉಕ್ಕಿಗೆ ಹದ ಕೊಡುವ ವಿದ್ಯೆಯೇ ಅದರ ಜೀವಾಳ. ತ್ರಿಕೋನ, ಎರಡು ರಂಧ್ರ, ವೈ ಆಕಾರ, ನಡುವೆ ಮೊಳೆಯುಳ್ಳ ಟಾರ್ಕ್ಸ್, ಪೆಂಟಾಲೋಬ್, ಜೆಐಎಸ್ ಇಷ್ಟು ಬಗೆಗಳ ಒಳ್ಳೆಯ ಬಿಟ್‌ಗಳ ಒಂದು ಪೆಟ್ಟಿಗೆಯನ್ನು ಈ ಕೇಂದ್ರಗಳು ತಯಾರಿಸಿ ರಿಪೇರಿಗಾರರಿಗೆ ನ್ಯಾಯವಾದ ಬೆಲೆಗೆ ಮಾರಲಿ. ಐಟಿಐಗಳ ಫಿಟ್ಟರ್ ವಿಭಾಗದ ಮಕ್ಕಳು ಚೌಕದೊಳಗೆ ಚೌಕ ಕೂರಿಸಲು ದಿನಗಟ್ಟಲೆ ಅರ ಉಜ್ಜುತ್ತಾರೆ. ಅದೇ ಅಭ್ಯಾಸದಲ್ಲಿ ಒಂದು ವಾರ ಇಂಥ ಬಿಟ್ ಮಾಡುವುದನ್ನು ಸೇರಿಸಿದರೆ ಕೈಗೂ ಪಳಗು, ಊರಿಗೂ ಉಪಯೋಗ. ಎಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಸ್ಕ್ರೂ ತಲೆಗಳನ್ನು ಗುರುತಿಸುವ ಪಾಠವನ್ನಾದರೂ ಮೊದಲ ತಿಂಗಳಲ್ಲೇ ಹೇಳಿಕೊಡಬೇಕು.

ಇಷ್ಟು ವರ್ಷಗಳಲ್ಲಿ ನಾನು ಮಾಡಿಟ್ಟುಕೊಂಡಿರುವ ಹದಿನೇಳು ಬಗೆಯ ಬಿಟ್‌ಗಳೂ ಅವುಗಳ ಅಳತೆ ಬರೆದಿಟ್ಟ ನೋಟ್ ಪುಸ್ತಕವೂ ನನ್ನ ಅಂಗಡಿಯಲ್ಲಿವೆ. ಜಿಲ್ಲೆಯ ಯಾವುದೇ ಐಟಿಐ ಅಥವಾ ಜಿಟಿಟಿಸಿಯ ಬೋಧಕರು ಬಂದರೆ ಪುಸ್ತಕವನ್ನು ನಕಲು ಮಾಡಿಕೊಳ್ಳಲು ಕೊಡುತ್ತೇನೆ, ಭಾನುವಾರಗಳಂದು ಬಂದು ಮಕ್ಕಳಿಗೆ ಮಾಡಿ ತೋರಿಸಲೂ ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ರಿಪೇರಿಗಾರ, ದಾವಣಗೆರೆ